ಎರಡನೆಯದರಿಂದ ಎಣಿಕೆ

ಸೋಂಗ್ ದೋಕ್‌ನ ಕಟ್ಟೆಗೆ ದೋಣಿ ತಾಗುವುದು
ನಸುಕಿನ ನಾಲ್ಕಕ್ಕೆ.
ಬೊಂಡಾಸ್ ಹಿಡಿಯಲು ಉರಿಸಿದ ದೀಪಗಳು ಇನ್ನೂ ಬಿಸಿ.
ಮೊದಲು ಐಸಿನ ಪೆಟ್ಟಿಗೆ, ಆಮೇಲೆ ಗೋಣಿಚೀಲ.
ಚೀಲದೊಳಗೆ ಒದ್ದೆ ಹಗ್ಗದ ರಾಶಿಯೊಂದು
ತನ್ನ ಗಂಟುಗಳನ್ನು ತಾನೇ ಬಿಚ್ಚಿಕೊಳ್ಳುತ್ತ.

ತಾಮ್ ನ್ಯಾನ್ ಅತ್ತೆ ಕೈಗವಸು ಹಾಕುವುದಿಲ್ಲ.
ಎಡಗೈಯ ಕಿರುಬೆರಳು ಒಂದು ಗೆಣ್ಣು ಮೋಟು.
ಕೇಳಿದರೆ, ಐಸು ಕತ್ತರಿಸಿತು ಅನ್ನುತ್ತಾಳೆ,
ಯಾರೂ ನಂಬುವುದಿಲ್ಲ.
ಬಾಲ ಹಿಡಿದೆತ್ತಿ, ಒಮ್ಮೆ ಕೊಡವಿ,
ದಪ್ಪವಾದರೆ ಬಲಕ್ಕೆ, ಸಪೂರವಾದರೆ ಎಡಕ್ಕೆ,
ಬಸುರಿಯಾದರೆ ಕೈ ತುಸು ತಡೆದು
ಮತ್ತೆ ಬಲಕ್ಕೇ.

ನನ್ನದು ದಾರದ ಕೆಲಸ.
ಉಕ್ಕಿನ ಅಳತೆಗೋಲು ಉಪ್ಪುಗಾಳಿಗೆ ತುಕ್ಕು ಹಿಡಿದ ಮೇಲೆ
ಕಾನ್ ಥೋ ಪೇಟೆಯಿಂದ ತಂದದ್ದು ಇಷ್ಟೇ:
ಕೆಂಪು ಹೊಲಿಗೆ ದಾರ, ಗೆರೆ ಹಾಕಿದ ಪುಸ್ತಕ.
ಕುತ್ತಿಗೆಗೆ ಒಂದು ಸುತ್ತು.
ಬಾಲಕ್ಕೆ ಮುಂಚೆ, ಮೈ ತುಂಬಿದಲ್ಲಿ, ಇನ್ನೊಂದು.
ಕತ್ತರಿಸಿ ಪಕ್ಕಪಕ್ಕ ಇಟ್ಟರೆ
ಒಂದು ಕೂಸಿನ ಉಂಗುರ,
ಒಂದು ಬಾಣಂತಿಯ ಬಳೆ.
ಎರಡು ಹಾವುಗಳನ್ನು ಕತ್ತಲಲ್ಲಿ
ಯಾರೋ ಅವಸರಕ್ಕೆ ಹೊಲಿದ ಹಾಗೆ.

ಮರಳಡಿಯಲ್ಲಿ ಬಿಲ. ಬಿಲದಲ್ಲಿ ಹಾವುಮೀನು.
ಬಿಲದ ಬಾಯಿ ಬೆರಳಷ್ಟು.
ಹಸಿದ ತಲೆ ಒಳಹೋಗಬೇಕು, ಹೋದದ್ದು ಮರಳಬೇಕು.
ಹೋಗಿ ಬಂದದ್ದು ಉಂಡಿತು, ಉಂಡದ್ದು ಹೆತ್ತಿತು,
ಹಿಡಿಸದ ತಲೆಗಳ ಲೆಕ್ಕ ಯಾರೂ ಇಡಲಿಲ್ಲ.
ಹಾಗೇ ಕತ್ತು ಸಣ್ಣಗಾಗುತ್ತ ಬಂತು, ತಲೆ
ಹುಣಿಸೆಬೀಜದಷ್ಟಾಯಿತು.
ಹಿಂಬದಿ ಮಾತ್ರ ದಪ್ಪಗೇ ಉಳಿಯಿತು,
ನೀರನ್ನು ಒದೆಯಲು, ಮರಿ ಹೊರಲು,
ಬಿಲದ ಹೊರಗೆ ಲಂಗರಾಗಿ ನಿಲ್ಲಲು.
ಬಾಲ ಚಪ್ಪಟೆಯಾಗಿ ಹುಟ್ಟಾಯಿತು, ಹುಟ್ಟುವ ಮೊದಲೇ.
ಯಾರೂ ಕೆತ್ತಲಿಲ್ಲ.
ಒಂದು ತೂತು, ಮತ್ತೆ ಕಾಲ.

ಕೊಟ್ಟದ್ದಕ್ಕೆ ಕಸಿದದ್ದೂ ಉಂಟು.
ಸಿಮೆಂಟಿನ ಮೇಲೆ ಬಿದ್ದದ್ದು ಹರಿಯಲಾರದು,
ಹೊಟ್ಟೆಯಡಿಯ ಅಗಲ ಪಟ್ಟಿಗಳು ಸವೆದು
ಗಾಳಿ ಇಳಿದ ಸೈಕಲ್ ಟ್ಯೂಬಿನಂತೆ
ತನ್ನ ಭಾರಕ್ಕೆ ತಾನೇ ಕುಸಿದು ಮಲಗುತ್ತದೆ.
ಹಾವಿನ ಹೆಜ್ಜೆ ಹಾವೇ ಬಲ್ಲದು, ನಿಜ.
ಇದು ಮರೆತಿದೆ.

ಅತ್ತೆಗೆ ಹೇಳಿದೆ:
ನಿನ್ನ ಎಡದ ರಾಶಿ, ಬಲದ ರಾಶಿ, ರಕ್ತ ನೋಡಿದರೆ
ಅಕ್ಕತಂಗಿಯರಷ್ಟು ಹತ್ತಿರ.
ಆಚೆಯ ಇನ್ನೊಂದು ಕವಲಿನಲ್ಲೂ ಇದೇ ಪುಟ್ಟ ತಲೆ,
ಬೇರೆಯೇ ಆಗಿ, ಮತ್ತೊಮ್ಮೆ.
ಅವಳು ನಗಲಿಲ್ಲ.
"ನಮ್ಮಣ್ಣ ಸಣಕಲ. ಎಂಜಿನ್ನಿನ ಸಂದಿಗೆ ನುಸುಳುತ್ತಿದ್ದ.
ಹನ್ನೆರಡಕ್ಕೇ ದೋಣಿಯವರು ಕರೆದೊಯ್ದರು.
ಅವನ ಮಗನೂ ಹಾಗೇ."
ಸ್ವಲ್ಪ ಹೊತ್ತಿಗೆ,
"ಉಳಿದವರು ಏನಾದರು ಅಂತ ಕೇಳಬೇಡ."

ತಾಮ್ ಅಂದರೆ ಎಂಟು. ಅತ್ತೆ ಏಳನೆಯ ಮಗು.
ಈ ಸೀಮೆಯಲ್ಲಿ ಚೊಚ್ಚಲನ್ನು ಎರಡು ಎಂದೇ ಕೂಗುತ್ತಾರೆ,
ಒಂದನ್ನು ಯಾರಿಗೂ ಕೊಡುವುದಿಲ್ಲ.
ಯಾಕೆಂದರೆ ಒಬ್ಬೊಬ್ಬರದು ಒಂದೊಂದು ಕಥೆ.

ನನ್ನ ಪುಸ್ತಕದಲ್ಲೂ ಮೊದಲ ಸಾಲು ಖಾಲಿ.
ಕಾಂಡ್ಲಾ ಬೇರುಗಳ ಕೆಸರಿನಿಂದ ಇಳಿದು
ಇಳಿತದ ಜೊತೆ ಹೋಗಿ
ತಿರುಗಿ ಬಾರದ ದುಂಡು ಮೈಯ ಹಾವು
(ಒಂದೇ ಹಾವಲ್ಲ, ಒಂದು ಸಂಜೆಯೂ ಅಲ್ಲ, ಗೊತ್ತು)
ಅದರ ಕತ್ತಿಗೆ ಯಾವ ದಾರವೂ ಬಿದ್ದಿಲ್ಲ.
ಇರುವುದೆಲ್ಲ ಎರಡನೆಯದರಿಂದ.

ಬೆಳಕು ಹರಿಯಿತು. ಮಾಲಿನವನ ಲಾರಿ ಹಾರ್ನ್ ಹೊಡೆಯಿತು.
ಅತ್ತೆ ನನ್ನ ಕೈಯಿಂದ ಚಿಕ್ಕ ದಾರ ಕಿತ್ತುಕೊಂಡು
ಮೋಟು ಬೆರಳಿಗೆ ಸುತ್ತಿ ನೋಡಿದಳು.
ತುದಿಗೆ ತುದಿ ಸರಿಯಾಗಿ ಕೂತಿತು.
ಬಿಚ್ಚಿ, ನನ್ನ ಪುಸ್ತಕದ ಮೇಲೆ ಹಾಕಿ,
"ಇನ್ನೊಂದು ಚೀಲ ತಾ" ಅಂದಳು.